ತೇದ ಬೇರು, ಬಿಳಿ ಮಾತ್ರೆ

ಟೆಲಿಪ್ರಿಂಟರಿನ ಸದ್ದು ನಮಗೆ ಕೇಳಿಸುತ್ತಿದ್ದುದು ಅದು ನಿಂತಾಗ ಮಾತ್ರ. ಕೊಡಿಯಾಲ್‌ಬೈಲಿನ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಎರಡು ಸುದ್ದಿಸಂಸ್ಥೆಗಳ ಎರಡು ಯಂತ್ರಗಳು ಬೆಳಗಿನಿಂದಲೇ ಒಂದೇ ಸಮನೆ ಕುಟ್ಟುತ್ತಿದ್ದವು. ಅದರ ನಡುವೆಯೇ ನಾವು ತಲೆಬರಹ ಕೊಡುತ್ತಿದ್ದೆವು, ಚಹಾ ಕುಡಿಯುತ್ತಿದ್ದೆವು, ಜಗಳವಾಡುತ್ತಿದ್ದೆವು. ಸದ್ದು ಒಮ್ಮೆಗೇ ನಿಂತರೆ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದೆವು: ಲೈನು ಹೋಯಿತು, ಇಲ್ಲವೇ ಕಾಗದ ಮುಗಿಯಿತು. ಒಂದು ಬೆಳಿಗ್ಗೆ ಯಂತ್ರಗಳು ಎಂದಿನಂತೆ ನಡೆಯುತ್ತಿದ್ದಾಗಲೇ ನನಗೆ ಅವುಗಳ ಸದ್ದು ಕೇಳಿಸತೊಡಗಿತು. ಒಂದೊಂದು ಅಕ್ಷರದ ಏಟೂ ಹಿಂದಲೆಗೇ ಬೀಳುತ್ತಿದ್ದಂತೆ. ನನ್ನ ಕಾಯಿಲೆ ಶುರುವಾದದ್ದು ಹಾಗೆ.

ಆಗ ತುರ್ತು ಪರಿಸ್ಥಿತಿ ಮುಗಿದು ವರ್ಷವಾಗಿತ್ತು. ನಮ್ಮದು ಸಂಜೆ ಪತ್ರಿಕೆ. ಊಟದ ಹೊತ್ತಿಗೆ ಪುಟ ಕಟ್ಟಿ ಮುಗಿಯಬೇಕು, ಶಾಲೆ ಬಿಡುವ ಹೊತ್ತಿಗೆ ಪತ್ರಿಕೆ ಬಸ್‌ಸ್ಟ್ಯಾಂಡಿನಲ್ಲಿರಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಪುಟದ ಪ್ರೂಫು ಹಿಡಿದು ಸೆನ್ಸಾರ್ ಅಧಿಕಾರಿಯ ಕೋಣೆಯ ಹೊರಗೆ ಕಾಯುವ ಕೆಲಸ ನನ್ನದಾಗಿತ್ತು. ಕಾಯುತ್ತಿದ್ದಾಗ ನನಗೆ ಏನೂ ಆಗಲಿಲ್ಲ. ಎಲ್ಲ ಮುಗಿದು ನಿರಾಳವಾಗಿ ಉಸಿರಾಡುವ ಕಾಲ ಬಂದ ಮೇಲೆ ಮೈ ಸೋತಿತು. ಇದಕ್ಕೂ ಅದಕ್ಕೂ ಸಂಬಂಧವಿತ್ತೆಂದು ನಾನು ಸಾಧಿಸಲಾರೆ. ಎರಡೂ ಆದವು, ಈ ಕ್ರಮದಲ್ಲಿ ಆದವು ಎಂದಷ್ಟೇ ಹೇಳಬಲ್ಲೆ.

ಹೀಗೆ ಅಳೆದು ಹೇಳುವುದನ್ನು ಕಲಿಸಿದವರು ನಮ್ಮ ಸುದ್ದಿ ಸಂಪಾದಕರಾದ ಭಟ್ಟರು. ತೆಳ್ಳಗಿನ ಮನುಷ್ಯ, ಅಂಗಿಯ ಜೇಬಿನಲ್ಲಿ ಸದಾ ನಶ್ಯದ ಡಬ್ಬಿ. ಸುದ್ದಿಸಂಸ್ಥೆಗಳನ್ನೆಲ್ಲ ಸರಕಾರ ಒಂದು ಮಾಡಿ, ಅವು ಮತ್ತೆ ಬೇರೆಬೇರೆಯಾಗಿದ್ದ ದಿನಗಳವು. ಎರಡು ಯಂತ್ರಗಳಲ್ಲೂ ಒಂದೇ ಸುದ್ದಿ ಬಂದರೆ ನಮ್ಮಂಥ ಕಿರಿಯರು ಖಚಿತವಾಯಿತೆಂದು ಹಿಗ್ಗುತ್ತಿದ್ದೆವು. ಭಟ್ಟರು ತಡೆಯುತ್ತಿದ್ದರು.

‘ಎರಡು ಮಿಷನಿನಲ್ಲಿ ಬಂತು ಅಂತ ಎರಡು ಸಾಕ್ಷಿ ಆಗುವುದಿಲ್ಲ ಮಾರಾಯ. ಎರಡಕ್ಕೂ ಹೇಳಿದವನು ಯಾರು, ಅದನ್ನು ನೋಡು. ಒಬ್ಬನೇ ಆದರೆ ಅದು ಒಂದೇ ಸಾಕ್ಷಿ.’

ಆ ಮಾತನ್ನು ನಾನು ಕಚೇರಿಯ ಹೊರಗೂ ನೆನಪಿಟ್ಟುಕೊಳ್ಳಬೇಕಿತ್ತು ಎಂಬುದು ಆಮೇಲೆ ತಿಳಿಯಿತು.

ಸದ್ದಿನ ನಂತರ ಕೈ ನಡುಗತೊಡಗಿತು. ಟೆಲಿಪ್ರಿಂಟರಿನ ಹಾಳೆಯನ್ನು ಕತ್ತರಿಸುವಾಗ ಗೆರೆ ಸೊಟ್ಟಗಾಗುತ್ತಿತ್ತು. ನಿದ್ರೆ ಇಲ್ಲ. ಎದೆ ಸುಮ್ಮಸುಮ್ಮನೆ ಓಡುತ್ತಿತ್ತು. ಒಂದು ದಿನ ಕಂಪೋಸಿಂಗ್ ವಿಭಾಗದ ಮೆಟ್ಟಿಲ ಮೇಲೆ ಕುಳಿತವನಿಗೆ ಏಳಲಾಗಲಿಲ್ಲ. ಭಟ್ಟರು ಗೋಲಿಸೋಡಾ ತರಿಸಿ ಕುಡಿಸಿ, ರಿಕ್ಷಾದಲ್ಲಿ ತಾವೇ ಅತ್ತಾವರಕ್ಕೆ ಕರೆದುಕೊಂಡು ಹೋದರು.

ಅತ್ತಾವರದ ಡಾಕ್ಟರರ ಕ್ಲಿನಿಕ್ಕು ಅವರ ಮನೆಯ ಮುಂದಿನ ಎರಡು ಕೋಣೆಗಳಲ್ಲಿತ್ತು. ಹೊರಗೆ ಬೆತ್ತದ ಕುರ್ಚಿಗಳು, ಒಂದು ಉದ್ದ ಬೆಂಚು, ಗೋಡೆಯಲ್ಲಿ ಏಸುವಿನ ಚಿತ್ರದ ಕೆಳಗೆ ಸಣ್ಣ ಕೆಂಪು ದೀಪ. ಕಿಟಕಿಯಾಚೆ ಕಂಪೌಂಡರ್ ಬಾಟಲಿಗಳಿಗೆ ಗುಲಾಬಿ ಬಣ್ಣದ ಮಿಕ್ಸ್‌ಚರ್ ತುಂಬಿಸಿ, ಒಂದೊಂದು ಹೊತ್ತಿನ ಅಳತೆಗೆಂದು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಆ ವಾಸನೆ, ಆ ಬೆತ್ತದ ಕುರ್ಚಿ ತೊಡೆಗೆ ಒತ್ತಿ ಮೂಡಿಸುತ್ತಿದ್ದ ಗೆರೆಗಳು ಈಗಲೂ ನೆನಪಿವೆ. ಡಾಕ್ಟರರಿಗೆ ಕೊಂಕಣಿ ಮನೆಮಾತು, ತುಳು ಚೆನ್ನಾಗಿ ಬರುತ್ತಿತ್ತು, ಪೇಪರಿನವನೆಂದು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು. ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ನೋಡಿದರು. ಎರಡನೆಯ ಸಲ ನೋಡಿದಾಗಲೇ ನನಗೆ ಅರ್ಥವಾಯಿತು.

‘ಪ್ರೆಶರ್ ಜಾಸ್ತಿ ಉಂಟು. ಈ ಪ್ರಾಯಕ್ಕೆ ಇಷ್ಟು ಇರಬಾರದು. ನರ ಎಲ್ಲ ಎಳೆದು ಕಟ್ಟಿದ ಹಾಗೆ ಉಂಟು ನಿಮ್ಮದು. ಒಂದು ಮಾತ್ರೆ ಕೊಡ್ತೇನೆ, ಎರಡಕ್ಕೂ ಆಗ್ತದೆ. ಬೇರೆ ಮಾತ್ರೆ ಎಂತಾದರೂ ತಗೊಳ್ತೀರಾ?’

‘ಇಲ್ಲ’ ಎಂದೆ. ಆ ಹೊತ್ತಿಗೆ ಅದು ನಿಜ.

ಸಣ್ಣ ಬಿಳಿ ಮಾತ್ರೆ. ಹೆಸರು ಓದಿದೆ, ಅದರಿಂದ ಏನೂ ತಿಳಿಯಲಿಲ್ಲ.

ಮನೆ ಜೆಪ್ಪುವಿನಲ್ಲಿತ್ತು. ಹೆಂಚಿನ ಕಾರ್ಖಾನೆಯ ಕೂಗಿಗೆ ಬೀದಿಯೆಲ್ಲ ಏಳುತ್ತಿದ್ದ ಕಾಲ. ಮನೆಯಲ್ಲಿ ನಾನು, ಹೆಂಡತಿ ಸುಮತಿ, ಅಮ್ಮ. ನಮ್ಮಲ್ಲಿ ತಾಯಿಯ ಅಣ್ಣನೇ ಕುಟುಂಬದ ಯಜಮಾನ. ಯಾರಿಗೆ ಹೆಣ್ಣು, ಯಾರಿಗೆ ಕೆಲಸ, ಯಾರಿಗೆ ಯಾವ ಮದ್ದು, ಎಲ್ಲಕ್ಕೂ ಮಾವನ ಮಾತು ಬೀಳಬೇಕು. ನಮ್ಮ ತ್ಯಾಂಪಣ್ಣ ಮಾವ ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಗಲ್ಲಾದ ಹಿಂದೆ ಕುಳಿತು ಬಂದ ಗಟ್ಟಿ ದನಿ, ಬಿಳಿ ಪಂಚೆ, ಮಾತಿಗೆ ಎದುರುಮಾತು ಸಹಿಸದ ಹುಬ್ಬು. ನಾನು ಬಿದ್ದ ಸುದ್ದಿ ತಲುಪಿದ ಮರುದಿನವೇ ಬಂದರು. ಮನೆಯ ಮಾತೆಲ್ಲ ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಎಂತ ಜಗ್ಗು, ಊರಿನ ಸುದ್ದಿಯೆಲ್ಲ ನಿನ್ನ ತಲೆಯಲ್ಲೇ ಹೊತ್ತುಕೊಂಡಿದ್ದೀಯಂತೆ?’

‘ಪ್ರೆಶರ್ ಅಂತೆ ಮಾವ.’

‘ಪ್ರೆಶರ್ ಎಲ್ಲ ಕುಕ್ಕರಿಗೆ. ನಿನಗೆ ಆದದ್ದು ನರದ ದೋಷ’ ಎಂದು ಮಾವ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅಮ್ಮನ ಕೈಗಿಟ್ಟರು. ಅದರೊಳಗೆ ಬೂದುಬಣ್ಣದ, ಸೊಟ್ಟಸೊಟ್ಟ ಬೇರಿನ ತುಂಡುಗಳು. ಬಂದರಿನಲ್ಲಿ ಬೇರು-ನಾರು ಮಾರುವ ಅಂಗಡಿಯಿಂದ, ಪರಿಚಯದವರ ಕೈಯಿಂದ ಆರಿಸಿ ತಂದದ್ದು. ‘ಸರ್ಪಗಂಧ. ಗಂಧದ ಕಲ್ಲಿನಲ್ಲಿ ತೇದು ಹಾಲಿನಲ್ಲಿ ಕೊಡು. ಬೆಳಿಗ್ಗೆ ಒಮ್ಮೆ, ಮಲಗುವಾಗ ಒಮ್ಮೆ. ನನ್ನ ಅಜ್ಜನಿಗೆ ನಿದ್ರೆ ಬಾರದಾಗ ಇದನ್ನೇ ಕೊಟ್ಟದ್ದು.’

ಸುಮತಿ ಬಾಗಿಲ ಬಳಿ ನಿಂತಿದ್ದಳು. ‘ಡಾಕ್ಟ್ರ ಮಾತ್ರೆ ಉಂಟಲ್ಲ ಮಾವ.’

‘ಅದು ಇರಲಿ ಮಗಾ. ಅದು ರಕ್ತಕ್ಕೆ, ಇದು ನರಕ್ಕೆ. ಅದರ ದಾರಿ ಬೇರೆ, ಇದರ ದಾರಿ ಬೇರೆ.’

ಈ ವಿಂಗಡಣೆಯಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಡಾಕ್ಟರರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ಮನೆಗಳಲ್ಲಿ ಮದ್ದು ಎಂದರೆ ಅಂಗಡಿಯಿಂದ ಹೆಸರು ಹೇಳಿ ತರುವಂಥದು. ಅಡುಗೆಮನೆಯಲ್ಲಿ ತೇದು, ಅರೆದು, ಕುದಿಸಿ ಕೊಡುವಂಥದು ಮದ್ದಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಶೀತಕ್ಕೆ ಕಷಾಯ ಕುಡಿದದ್ದನ್ನು ಯಾರಾದರೂ ಡಾಕ್ಟರಿಗೆ ವರದಿ ಮಾಡುತ್ತಾರೆಯೇ? ಹಾಗೆ.

ಬೆಳಿಗ್ಗೆ ಎಚ್ಚರವಾಗುವಾಗ ಕಲ್ಲಿನ ಮೇಲೆ ಬೇರು ಉಜ್ಜುವ ಸದ್ದು ಕೇಳುತ್ತಿತ್ತು. ಅಮ್ಮ ಕಾಲು ಮಡಚಿ ಕುಳಿತು, ನೀರಿನ ಹನಿ ಬಿಟ್ಟುಕೊಂಡು, ದೇವರಿಗೆ ಗಂಧ ತೇಯುವಷ್ಟೇ ಶ್ರದ್ಧೆಯಿಂದ ತೇಯುತ್ತಿದ್ದಳು. ಕಹಿ ನಾಲಗೆಯಲ್ಲಿ ಬಹಳ ಹೊತ್ತು ನಿಲ್ಲುತ್ತಿತ್ತು. ಅದು ಇಳಿಯುವ ಮೊದಲೇ ಸುಮತಿ ನೀರು ಮತ್ತು ಬಿಳಿ ಮಾತ್ರೆ ಹಿಡಿದು ನಿಂತಿರುತ್ತಿದ್ದಳು. ಅತ್ತೆ ಸೊಸೆಯರ ನಡುವೆ ಆ ಬಗ್ಗೆ ಮಾತಿಲ್ಲ. ಇಬ್ಬರೂ ತಮ್ಮ ತಮ್ಮದನ್ನು ಕೊಟ್ಟು ನನ್ನ ಮುಖ ನೋಡುತ್ತಿದ್ದರು.

ಗುಣ ಕಂಡಿತು. ಅದನ್ನು ಮರೆಮಾಡಿದರೆ ಈ ಬರಹಕ್ಕೆ ಅರ್ಥವಿಲ್ಲ. ಕೆಲವೇ ದಿನಗಳಲ್ಲಿ ಕೈ ನಡುಗುವುದು ನಿಂತಿತು. ನಿದ್ರೆ ಬಂತು, ಎಷ್ಟೋ ತಿಂಗಳ ನಂತರ ಕನಸಿಲ್ಲದ ನಿದ್ರೆ. ಕಚೇರಿಯಲ್ಲಿ ಟೆಲಿಪ್ರಿಂಟರಿನ ಸದ್ದು ಮತ್ತೆ ಹಿಂದಕ್ಕೆ ಸರಿಯಿತು. ಹಾಳೆಯನ್ನು ನೇರವಾಗಿ ಕತ್ತರಿಸಿದೆ. ಡಾಕ್ಟರರು ಪ್ರೆಶರ್ ನೋಡಿ, ‘ನೋಡಿ, ಮಾತ್ರೆ ಕೆಲಸ ಮಾಡ್ತಾ ಉಂಟು’ ಎಂದರು. ಮಾವ ಮನೆಗೆ ಬಂದು, ‘ನೋಡಿದೆಯಾ, ಬೇರು ಹಿಡಿಯಿತು’ ಎಂದರು. ಇಬ್ಬರು ಬೇರೆಬೇರೆ ಮನುಷ್ಯರು ಒಂದೇ ಶುಭವಾರ್ತೆ ಹೇಳುತ್ತಿದ್ದರು. ನಾನು ಎರಡನ್ನೂ ನಂಬಿದೆ. ಆ ದಿನಗಳಲ್ಲಿ ಸಂಜೆ ಕೆಲಸ ಮುಗಿಸಿ ನೇತ್ರಾವತಿಯ ರೈಲು ಸೇತುವೆಯವರೆಗೆ ನಡೆದು ಹೋಗಿ, ನದಿಯ ಮೇಲಿನ ಗಾಳಿ ಕುಡಿದು ಬರುತ್ತಿದ್ದೆ.

ಆಮೇಲೆ ನಿಧಾನವಾಗಿ ಇನ್ನೊಂದು ಶುರುವಾಯಿತು. ಎಂದು ಶುರುವಾಯಿತೆಂದು ಹೇಳಲಾರೆ, ಅದಕ್ಕೆ ಆರಂಭವೇ ಕಾಣಲಿಲ್ಲ. ಮೂಗು ಸದಾ ಕಟ್ಟಿಕೊಂಡಿರುತ್ತಿತ್ತು. ಹಗಲೆಲ್ಲ ತೂಕಡಿಕೆ. ಮಾತಾಡಲು ಬಾಯಿ ತೆರೆಯುವುದೇ ಒಂದು ಕೆಲಸ. ಮೊದಲು ಎಲ್ಲವೂ ಹೆಚ್ಚಾಗಿ ಕೇಳುತ್ತಿತ್ತು, ಈಗ ಎಲ್ಲವೂ ಗೋಡೆಯಾಚೆಯಿಂದ ಕೇಳುವಂತಾಯಿತು. ಭಟ್ಟರು ಗಮನಿಸಿ ನನಗೆ ಹಗುರಾದ ಕೆಲಸ ಕೊಟ್ಟರು, ಪೇಟೆ ಧಾರಣೆ. ಒಂದು ದಿನ ತೆಂಗಿನಕಾಯಿ ಧಾರಣೆ ಇಳಿದದ್ದನ್ನು ಬರೆಯುತ್ತಿದ್ದಾಗ ನನಗೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ನಮ್ಮ ಮನೆಯಲ್ಲಿ ಮಾರುವಷ್ಟು ತೆಂಗು ಇರಲೇ ಇಲ್ಲ.

ಭಟ್ಟರು ಹತ್ತಿರ ಬಂದು ಮೆಲ್ಲಗೆ, ‘ಕಾಯಿ ಇನ್ನು ಏರ್ತದೆ, ಬಿಡು’ ಎಂದರು. ಯಾರೂ ನಗಲಿಲ್ಲ. ‘ನೀನು ಸ್ವಲ್ಪ ದಿನ ಮನೆಯಲ್ಲಿರು. ಕುರ್ಚಿ ಎಲ್ಲಿಗೂ ಹೋಗುವುದಿಲ್ಲ.’

ಆದರೆ ಕುರ್ಚಿ ಹೋಗುತ್ತದೆಂಬುದು ನನಗೆ ಗೊತ್ತಿತ್ತು. ಸಣ್ಣ ಪತ್ರಿಕೆ, ಒಬ್ಬನ ಕೆಲಸವನ್ನು ಉಳಿದವರು ಎಷ್ಟು ದಿನ ಹೊರುತ್ತಾರೆ? ಕುರ್ಚಿಗಿಂತ ದೊಡ್ಡ ಭಯ ಇನ್ನೊಂದಿತ್ತು. ಆ ಮೇಜಿನಲ್ಲಿ ಕುಳಿತು ಸುದ್ದಿಯನ್ನು ತೂಗಿ ನೋಡುತ್ತಿದ್ದ ಮನಸ್ಸು ನನ್ನದಾಗಿ ಉಳಿದಿದೆಯೇ ಎಂಬುದು. ಮನೆಯಲ್ಲಿ ನಮ್ಮದೇ ಪತ್ರಿಕೆ ಬಂದರೆ ಮೊದಲ ಪುಟದ ಒಂದು ಸುದ್ದಿಯನ್ನು ಕೊನೆಯವರೆಗೆ ಓದಲಾಗುತ್ತಿರಲಿಲ್ಲ. ಸಂಜೆ ಸೇತುವೆಯ ಕಡೆ ನಡೆಯಲು ಹೋಗುವುದನ್ನು ಬಿಟ್ಟೆ. ಆ ದಿಕ್ಕಿಗೆ ಹೋಗುವುದು ನನಗೆ ಸುರಕ್ಷಿತವೆನಿಸಲಿಲ್ಲ. ಯಾಕೆ ಬಿಟ್ಟೆನೆಂದು ಸುಮತಿ ಕೇಳಲಿಲ್ಲ. ಆದರೆ ಸಂಜೆಯಾಗುತ್ತಲೇ ಅಕ್ಕಿ ಆರಿಸುವ ಗೆರಸೆ ಹಿಡಿದುಕೊಂಡು ನನ್ನ ಬಳಿಯೇ ಬಂದು ಕೂರತೊಡಗಿದಳು. ಆ ತಿಂಗಳುಗಳಲ್ಲಿ ನಮ್ಮ ಮನೆಯ ಅಕ್ಕಿಯಷ್ಟು ಸ್ವಚ್ಛವಾದ ಅಕ್ಕಿ ಜೆಪ್ಪುವಿನಲ್ಲೇ ಇರಲಿಕ್ಕಿಲ್ಲ.

ಪಕ್ಕದ ಮನೆಯಲ್ಲಿ ಸಿಸಿಲಿ ಬಾಯಿ ಇದ್ದರು. ನರ್ಸು. ಗಂಡ ಗಲ್ಫಿನಲ್ಲಿ. ಒಂದು ಭಾನುವಾರ ಇಗರ್ಜಿಯಿಂದ ಬರುವಾಗ ಬೇಲಿಯಾಚೆ ನಿಂತು ನನ್ನನ್ನು ನೋಡಿದರು. ಸಂಜೆ ಪ್ರೆಶರ್ ನೋಡುವ ಪೆಟ್ಟಿಗೆ ಹಿಡಿದು ಬಂದರು.

‘ಹೆಚ್ಚಾಗಿದೆಯಾ ಬಾಯಿ?’ ಎಂದು ಸುಮತಿ ಕೇಳಿದಳು.

‘ಹೆಚ್ಚಲ್ಲ, ಇಳಿದಿದೆ. ಬಹಳ ಇಳಿದಿದೆ. ನಾಡಿಯೂ ನಿಧಾನ ಉಂಟು. ನಾಳೆಯೇ ಡಾಕ್ಟ್ರಲ್ಲಿ ಹೋಗಿ.’ ನನ್ನ ಕಡೆ ತಿರುಗಿ, ‘ಪೇಪರಿನವರು ನೀವು, ದಿನಾ ಒಂದು ಊರಿನ ಬಗ್ಗೆ ಬರೀತೀರಿ. ನಿಮ್ಮ ಬಗ್ಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?’ ಎಂದರು. ಗದರುವ ದನಿಯಲ್ಲಿ ಪ್ರೀತಿ ತೋರಿಸುವ ಹೆಂಗಸು.

ಡಾಕ್ಟರರು ಪ್ರೆಶರ್ ನೋಡಿ ಹುಬ್ಬು ಗಂಟಿಕ್ಕಿದರು. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಆ ಪ್ರಮಾಣಕ್ಕೆ ಇಷ್ಟು ಇಳಿಯಬಾರದು ಎಂದು ತಮಗೆ ತಾವೇ ಹೇಳಿಕೊಂಡರು. ನಿದ್ರೆ, ಊಟ, ಅಳುವಿನ ಬಗ್ಗೆ ಕೇಳಿದರು. ಕೊನೆಗೆ ಮೆಲ್ಲಗೆ, ‘ಮನಸ್ಸಿನ ಡಾಕ್ಟ್ರಿಗೆ ಒಮ್ಮೆ ತೋರಿಸುವ. ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ, ನಾನೇ ಮಾತಾಡ್ತೇನೆ’ ಎಂದರು.

ಮನೆಗೆ ಈ ಮಾತು ತಲುಪಿದಾಗ ಅಮ್ಮ ಒಲೆಯ ಮುಂದೆ ಕುಳಿತೇ ಇದ್ದಳು, ಅನ್ನ ಸೀದುಹೋಯಿತು. ಮಾವ ಬಂದರು. ಗಲ್ಲಾದ ದನಿ ಇರಲಿಲ್ಲ.

‘ನಮ್ಮ ಕುಟುಂಬದಲ್ಲಿ ಆ ಬಾಗಿಲನ್ನು ಯಾರೂ ಮೆಟ್ಟಿಲ್ಲ’ ಎಂದರು.

‘ಮೆಟ್ಟಿದವರು ಇದ್ದರೆ ಹೇಳ್ತಿದ್ದರಾ ಮಾವ?’ ಎಂದಳು ಸುಮತಿ. ಅವಳು ಮಾವನಿಗೆ ಎದುರಾಡಿದ್ದನ್ನು ನಾನು ಮೊದಲು ಕೇಳಿದ್ದು ಅಂದು. ‘ಇವರು ಗುಣ ಆಗ್ಬೇಕು. ಯಾವ ಬಾಗಿಲಾದರೇನು?’

ಕೊನೆಗೆ ಮಾವ, ‘ನಾನು ಬರ್ತೇನೆ. ಆ ಡಾಕ್ಟ್ರ ಹತ್ರ ನಾನೇ ಕೇಳ್ತೇನೆ, ಎಂತ ಮದ್ದು ಕೊಟ್ಟು ಹುಡುಗನನ್ನು ಹೀಗೆ ಮಾಡಿದ್ದು ಅಂತ’ ಎಂದರು. ಅವರಿಗೆ ಸಂಶಯವೇ ಇರಲಿಲ್ಲ: ಬೇರು ಗುಣ ಮಾಡಿತು, ಮಾತ್ರೆ ಕೆಡಿಸಿತು.

ನಾವು ನಾಲ್ವರೂ ಅತ್ತಾವರಕ್ಕೆ ಹೋದೆವು. ಕಾಯುವವರು ತುಂಬಾ ಇದ್ದರು. ಮಗುವನ್ನು ತೊಡೆಯಲ್ಲಿಟ್ಟುಕೊಂಡಿದ್ದ ಬ್ಯಾರಿ ಹೆಂಗಸೊಬ್ಬಳು ನನ್ನ ಮುಖ ನೋಡಿ, ಏನೂ ಕೇಳದೆ, ಫ್ಯಾನಿನ ಕೆಳಗಿನ ತನ್ನ ಜಾಗ ಬಿಟ್ಟು ಬೆಂಚಿನ ತುದಿಗೆ ಸರಿದಳು. ಆ ಮುಖ ನನಗೆ ನೆನಪಿಲ್ಲ, ಸರಿದದ್ದು ನೆನಪಿದೆ. ಮಾವ ಕುಳಿತುಕೊಳ್ಳಲಿಲ್ಲ. ಪಂಚೆಯ ತುದಿ ಹಿಡಿದು ಕಂಪೌಂಡರನ ಕಿಟಕಿಯ ಮುಂದೆ ನಿಂತು, ಬಾಟಲಿಗಳನ್ನು ಬೇರೆ ಹೋಟೆಲಿನ ಅಡುಗೆ ನೋಡುವವರಂತೆ ನೋಡುತ್ತಿದ್ದರು.

ಒಳಗೆ ಹೋದಾಗ ಡಾಕ್ಟರರು ಎದ್ದು ನಿಂತು ಮಾವನಿಗೆ ಕುರ್ಚಿ ಕೊಟ್ಟರು. ಮಾವನ ಮುಖ ನೋಡಿದೊಡನೆ ಅವರಿಗೆ ಪರಿಸ್ಥಿತಿ ಅರ್ಥವಾಗಿರಬೇಕು.

‘ಎಂತ ಮದ್ದು ಡಾಕ್ಟ್ರೇ ನೀವು ಕೊಟ್ಟದ್ದು?’ ಮಾವ ನೇರವಾಗಿ ಕೇಳಿದರು. ‘ನಮಗೆ ಇಂಗ್ಲಿಷ್ ಮದ್ದಿನ ಉಷ್ಣ ಆಗುವುದಿಲ್ಲ.’

ಡಾಕ್ಟರರು ನಕ್ಕರು. ‘ಇಂಗ್ಲಿಷ್ ಅಂತ ಹೆಸರಿಗೆ ಮಾತ್ರ ಶೆಟ್ರೇ. ಮೂಲ ನಮ್ಮ ದೇಶದ್ದೇ. ಸರ್ಪಗಂಧ ಗೊತ್ತುಂಟಲ್ಲ ನಿಮಗೆ? ಆ ಬೇರಿನ ಸಾರ ತೆಗೆದು ಮಾಡಿದ ಮಾತ್ರೆ ಇದು. ನಮ್ಮ ಡಾಕ್ಟ್ರುಗಳೇ ಮೊದಲು ರೋಗಿಗಳಿಗೆ ಕೊಟ್ಟು, ಪ್ರೆಶರ್ ಇಳಿಯುವುದನ್ನು ನೋಡಿ ಬರೆದದ್ದು. ಆಮೇಲೆ ಹೊರದೇಶದವರು ಅದರಿಂದ ಬಿಳಿ ಪುಡಿ ತೆಗೆದರು. ತಲೆ ಕೆಟ್ಟು ಕೂಗಾಡುವವರಿಗೆ ಕೊಟ್ಟರೆ ಅವರೂ ಶಾಂತ ಆಗ್ತಿದ್ದರು. ಪರೀಕ್ಷೆ ಮಾಡಿ ನೋಡಿದ್ದು, ಬಾಯಿಮಾತಲ್ಲ.’

ಮಾವನನ್ನು ಒಲಿಸಿಕೊಳ್ಳಲೆಂದೇ ಅವರು ಇಷ್ಟು ವಿವರವಾಗಿ ಹೇಳಿದ್ದು. ಅದು ಫಲಿಸಿತು. ಮಾವನ ಬೆನ್ನು ನೇರವಾಯಿತು. ನನ್ನ ಕಡೆಗೂ ಸುಮತಿಯ ಕಡೆಗೂ ತಿರುಗಿ ನೋಡಿದರು.

‘ಕೇಳಿದಿರಾ? ಸರ್ಪಗಂಧ. ವಿಜ್ಞಾನಿಗಳೇ ಒಪ್ಪಿದ್ದಾರೆ. ನಾನು ಎಂತ ಹೇಳಿದ್ದೆ?’

ಆಗ ಬಾಗಿಲ ಬಳಿಯ ಸ್ಟೂಲಿನಲ್ಲಿ ಕುಳಿತಿದ್ದ ಅಮ್ಮ ತುಳುವಿನಲ್ಲಿ ಕೇಳಿದಳು. ಡಾಕ್ಟರರ ಮುಂದೆ ಅವಳು ಬಾಯಿ ತೆರೆದದ್ದು ಅದೇ ಮೊದಲು.

‘ಅಣ್ಣ, ಹಾಗಾದರೆ ನಾನು ದಿನಾ ತೇಯುವುದು ಎಂತದ್ದು?’

ಡಾಕ್ಟರರು ಪೆನ್ನು ಕೆಳಗಿಟ್ಟರು. ಅವರಿಗೆ ತುಳು ಬರುತ್ತದೆಂಬುದು ಅಮ್ಮನಿಗೆ ಗೊತ್ತಿರಲಿಲ್ಲ.

‘ಎಂತ ತೇಯುವುದು ಅಮ್ಮ?’

‘ಅದೇ ಬೇರು. ಅಣ್ಣ ತಂದುಕೊಟ್ಟದ್ದು. ಬೆಳಿಗ್ಗೆ, ಮಲಗುವಾಗ, ಹಾಲಿನಲ್ಲಿ.’

‘ಎಷ್ಟು ತೇಯ್ತೀರಿ?’

‘ಅಣ್ಣ ಹೇಳಿದಷ್ಟೇ.’ ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ಮೊದಲಿಗೆ ಗುಣ ಕಂಡಿತಲ್ಲ. ಮತ್ತೆ ಮತ್ತೆ ಸ್ವಲ್ಪ ಜಾಸ್ತಿಯೇ ತೇದೆ. ಮಗನಿಗೆ ಬೇಗ ಆಗಲಿ ಅಂತ.’

ಹೊರಗೆ ಕಂಪೌಂಡರ್ ಯಾರದೋ ಹೆಸರು ಕೂಗುತ್ತಿದ್ದ. ಮಂಜು ಕವಿದಿದ್ದ ನನ್ನ ತಲೆಯಲ್ಲಿ ಭಟ್ಟರ ದನಿ ಮಾತ್ರ ಸ್ಪಷ್ಟವಾಗಿ ಕೇಳಿತು: ಎರಡಕ್ಕೂ ಹೇಳಿದವನು ಯಾರು, ಅದನ್ನು ನೋಡು.

ಮಾವ ಮೊದಲು ಮಾತಾಡಿದರು. ‘ಮಾತ್ರೆ ಎಂತದ್ದರಿಂದ ಮಾಡಿದ್ದು ಅಂತ ಮೊದಲೇ ಹೇಳಬಹುದಿತ್ತಲ್ಲ ಡಾಕ್ಟ್ರೇ.’

‘ಹೇಳಬಹುದಿತ್ತು’ ಎಂದರು ಡಾಕ್ಟರರು. ‘ಬೇರು ಕೊಡ್ತಾ ಇದ್ದೀರಿ ಅಂತ ನೀವೂ ಹೇಳಬಹುದಿತ್ತು. ನಾನು ಮಾತ್ರೆ ಬಗ್ಗೆ ಮಾತ್ರ ಕೇಳಿದೆ, ಇವರು ಮಾತ್ರೆ ಬಗ್ಗೆ ಮಾತ್ರ ಹೇಳಿದರು.’

ಮಾವನ ಕೈ ಮೊಣಕಾಲಿನ ಮೇಲೆ ಸುಮ್ಮನೆ ಕುಳಿತಿತ್ತು. ಅಷ್ಟು ವಯಸ್ಸಾದ ಕೈಯೆಂದು ನಾನು ಅದುವರೆಗೆ ಗಮನಿಸಿರಲಿಲ್ಲ.

‘ಈ ಬೇರು ನರವನ್ನು ಶಾಂತ ಮಾಡ್ತದೆ, ಅದರಲ್ಲಿ ಸಂಶಯ ಇಲ್ಲ’ ಎಂದು ಡಾಕ್ಟರರು ಮೆತ್ತಗೆ ಮುಂದುವರಿಸಿದರು. ‘ಆದರೆ ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿಲ್ಲ. ಜಾಸ್ತಿ ಆದರೆ, ಕೆಲವರಿಗೆ ಜಾಸ್ತಿ ಆಗದಿದ್ದರೂ, ಮನಸ್ಸನ್ನೂ ಕತ್ತಲೆ ಮಾಡ್ತದೆ. ಅದೂ ಪರೀಕ್ಷೆ ಮಾಡಿ ಗೊತ್ತಾದದ್ದೇ. ಇವರಿಗೆ ಎರಡು ಕಡೆಯಿಂದಲೂ ಹೋಗಿದೆ.’

ನಾನು ಬಹಳ ಹೊತ್ತಿನ ನಂತರ ಒಂದು ಪೂರ್ತಿ ವಾಕ್ಯ ಹೇಳಿದೆ. ‘ಹಾಗಾದರೆ ನನ್ನ ತಲೆ ಹೋದದ್ದಲ್ಲವಾ?’

‘ತಲೆ ಅಲ್ಲಿಯೇ ಉಂಟು. ಅದಕ್ಕೆ ಒಂದು ಕಂಬಳಿ ಸಾಕಿತ್ತು, ನಾವೆಲ್ಲ ಸೇರಿ ಎರಡು ಮೂರು ಹೊದೆಸಿದ್ದೇವೆ. ತೆಗೆಯುವ. ತೆಗೆದ ಮೇಲೂ ಏಳದಿದ್ದರೆ ಮನಸ್ಸಿನ ಡಾಕ್ಟ್ರಲ್ಲಿ ಹೋಗುವ, ಅದರಲ್ಲಿ ಮರ್ಯಾದೆ ಹೋಗುವಂಥದ್ದು ಎಂತದೂ ಇಲ್ಲ.’ ಕೊನೆಯ ಮಾತನ್ನು ಅವರು ಮಾವನನ್ನು ನೋಡಿ ಹೇಳಿದರು. ಮಾವ ತಲೆಯಾಡಿಸಿದರು.

ಬೇರು ಅಂದೇ ನಿಂತಿತು. ಮಾತ್ರೆಯನ್ನು ಬೇರೆ ಜಾತಿಯದಕ್ಕೆ ಬದಲಿಸಿದರು. ಗಂಧದ ಕಲ್ಲನ್ನು ಅಮ್ಮ ತೊಳೆದು ದೇವರ ಕೋಣೆಗೆ ವಾಪಸು ಇಟ್ಟಳು. ಬೆಳಿಗ್ಗೆ ಆ ಸದ್ದಿಲ್ಲದೆ ಎಚ್ಚರವಾದಾಗ ಏನೋ ಕಳೆದುಕೊಂಡಂತಾಯಿತು. ಅಮ್ಮನೂ ಕೈ ಖಾಲಿಯಾದವಳಂತೆ ಅಡುಗೆಮನೆಯಲ್ಲಿ ಸುಮ್ಮನೆ ಓಡಾಡುತ್ತಿದ್ದಳು. ಸುಮತಿ ಒಂದು ಬೆಳಿಗ್ಗೆ ಹೊಸ ಮಾತ್ರೆಯನ್ನೂ ನೀರನ್ನೂ ಅವಳ ಕೈಗೆ ಕೊಟ್ಟು, ‘ನೀವೇ ಕೊಡಿ ಅತ್ತೆ, ನಿಮ್ಮ ಕೈಯಿಂದ ಆದರೆ ಇವರು ಮುಖ ಹಿಂಡುವುದಿಲ್ಲ’ ಎಂದಳು. ಅಂದಿನಿಂದ ಮಾತ್ರೆ ಕೊಡುವ ಕೆಲಸ ಅಮ್ಮನದಾಯಿತು.

ಕತ್ತಲೆ ಒಮ್ಮೆಗೇ ಹೋಗಲಿಲ್ಲ. ಬಂದಷ್ಟೇ ನಿಧಾನವಾಗಿ, ಹೇಳದೆ ಕೇಳದೆ ಹೋಯಿತು. ಮೊದಲು ಮೂಗು ಬಿಟ್ಟಿತು. ಒಂದು ಮಧ್ಯಾಹ್ನ ಪಕ್ಕದ ಮನೆಯಿಂದ ಸಿಸಿಲಿ ಬಾಯಿ ಮೀನು ಹುರಿಯುವ ಪರಿಮಳ ಬಂದಾಗ ನನಗೆ ಹಸಿವಾಯಿತು. ಬಹಳ ಕಾಲದ ಮೇಲೆ ಬಂದ ಹಸಿವು. ಸುಮತಿಗೆ ಹೇಳಿದೆ, ಅವಳು ಬೇಲಿಯಾಚೆ ಕೂಗಿ ಹೇಳಿದಳು, ಬಾಯಿ ಬಾಳೆಲೆಯಲ್ಲಿ ಎರಡು ಬಂಗುಡೆ ಕಳಿಸಿದರು. ‘ಪ್ರೆಶರಿಗೆ ಉಪ್ಪು ಕಮ್ಮಿ ಹಾಕಿದ್ದೇನೆ, ಬೈಯಬೇಡಿ’ ಎಂದೂ ಹೇಳಿ ಕಳಿಸಿದರು. ಇನ್ನೊಂದು ದಿನ ಪತ್ರಿಕೆಯ ಮೊದಲ ಪುಟದ ಸುದ್ದಿಯನ್ನು ಕೊನೆಯವರೆಗೆ ಓದಿ, ಮೂರನೆಯ ಪ್ಯಾರಾದಲ್ಲಿ ತಪ್ಪೊಂದನ್ನು ಹುಡುಕಿ ತೆಗೆದೆ. ಸುಮತಿಗೆ ಓದಿ ಹೇಳಿದಾಗ ಅವಳು ಅಕ್ಕಿಯ ಗೆರಸೆ ಕೆಳಗಿಟ್ಟಳು. ಮತ್ತೆ ಸಂಜೆ ಅದನ್ನು ನನ್ನ ಬಳಿ ತರಲಿಲ್ಲ.

ಕಚೇರಿಗೆ ಮರಳಿದ ದಿನ ನನ್ನ ಕುರ್ಚಿಯಲ್ಲಿ ಹಳೆಯ ಪತ್ರಿಕೆಗಳ ದೊಡ್ಡ ಕಟ್ಟು ಕುಳಿತಿತ್ತು. ಬೇರೆ ಯಾರೂ ಕೂರಬಾರದೆಂದು ಭಟ್ಟರು ಇಡಿಸಿದ್ದು. ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಕೇಳಿ ಮುಗಿಸಿ ಒಂದು ಚಿಟಿಕೆ ನಶ್ಯ ಎಳೆದರು.

‘ಎರಡು ಮಿಷನು, ಒಂದೇ ಮೂಲ’ ಎಂದರು. ‘ಆಯಿತು, ಕೂರು. ತಲೆಬರಹ ಕೊಡು.’

ಮಾವ ಮುಂದಿನ ಸಲ ಡಾಕ್ಟರರಲ್ಲಿಗೆ ನನ್ನೊಡನೆ ಬಂದಾಗ ಉಳಿದ ಬೇರಿನ ಪೊಟ್ಟಣವನ್ನು ಅವರ ಮೇಜಿನ ಮೇಲಿಟ್ಟರು. ‘ಇಟ್ಟುಕೊಳ್ಳಿ ಡಾಕ್ಟ್ರೇ. ಒಳ್ಳೆಯ ಬೇರು, ಆರಿಸಿ ತಂದದ್ದು. ನಿಮಗೆ ಮಾತ್ರೆ ಮಾಡ್ಲಿಕ್ಕೆ ಆಗ್ತದೆ.’ ಇಬ್ಬರೂ ನಕ್ಕರು. ಅಂದಿನಿಂದ ಅವರು ಸ್ನೇಹಿತರಾದರು. ಮಾವ ಬೇರು-ನಾರು ಹಂಚುವುದನ್ನು ಬಿಡಲಿಲ್ಲ, ಬಿಡಬೇಕೆಂದು ಡಾಕ್ಟರರು ಹೇಳಲೂ ಇಲ್ಲ. ಆದರೆ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ, ಕೊಡುವ ಮೊದಲು, ‘ಬೇರೆ ಎಂತ ತಿನ್ತಾ ಇದ್ದೀ? ಎಲ್ಲ ಹೇಳು, ನಾಚಬೇಡ’ ಎಂದು ಗಲ್ಲಾದ ದನಿಯಲ್ಲಿ ಕೇಳುವುದು ರೂಢಿಯಾಯಿತು.

ಎಂಬತ್ತರ ದಶಕದಲ್ಲಿ ಗಿಡಮೂಲಿಕೆಗಳ ಬಗ್ಗೆ ಲೇಖನಗಳು ನಮ್ಮ ಮೇಜಿಗೆ ಬರುತ್ತಲೇ ಇದ್ದವು. ನರಗಳನ್ನು ತಣಿಸುವ ಬೇರು, ವಿಜ್ಞಾನಿಗಳು ಒಪ್ಪಿದ ಎಲೆ. ಹಾಗೆ ಬಂದವುಗಳನ್ನು ನಾನು ತಿರಸ್ಕರಿಸಿದವನಲ್ಲ. ಬೇರು ಕೆಲಸ ಮಾಡುತ್ತದೆ ಎಂಬುದಕ್ಕೆ ನನಗಿಂತ ದೊಡ್ಡ ಸಾಕ್ಷಿ ಬೇಕೇ? ಆದರೆ ಯಾವ ಲೇಖನವೂ ಒಂದು ವಾಕ್ಯ ಸೇರಿಸದೆ ನನ್ನ ಮೇಜು ದಾಟಲಿಲ್ಲ: ಬೇರೆ ಮದ್ದು ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ತಿಳಿಸತಕ್ಕದ್ದು. ಜಾಗ ಸಾಲದೆ ಕಂಪೋಸಿಂಗಿನವರು ಗೊಣಗುತ್ತಿದ್ದರು. ಬೇರೆ ಸಾಲು ಕತ್ತರಿಸಿ ಎನ್ನುತ್ತಿದ್ದೆ.

ಪ್ರೆಶರ್ ಇಂದಿಗೂ ಇದೆ. ದಿನಕ್ಕೊಂದು ಮಾತ್ರೆ, ಉಪ್ಪು ಕಡಿಮೆ. ಸಂಜೆ ನೇತ್ರಾವತಿಯ ಸೇತುವೆಯವರೆಗೆ ನಡೆಯುತ್ತೇನೆ.

ಎಂಬತ್ತರ ದಶಕದ ನಡುವಿನಲ್ಲಿ ಮಾವನಿಗೆ ಉಸಿರಾಟದ ತೊಂದರೆಯಾಗಿ ಅತ್ತಾವರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಓದು ಮುಗಿಸಿ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ವೈದ್ಯೆ. ಮಂಚದ ಪಕ್ಕ ನಿಂತು, ‘ಅಜ್ಜ, ಮದ್ದು ಎಂತಾದರೂ ತಗೊಳ್ತೀರಾ?’ ಎಂದು ಕೇಳಿದಳು.

ಮಾವ ದಿಂಬಿಗೆ ಒರಗಿ ಎದ್ದು ಕುಳಿತರು. ಉಸಿರು ಸಾಲದಿದ್ದರೂ ಒಂದೊಂದಾಗಿ ಹೇಳಿದರು. ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆ, ಊಟದ ನಂತರ ಒಂದು ಚಮಚ ಅರಿಷ್ಟ, ಮೊಣಕಾಲಿಗೆ ಹಚ್ಚುವ ಎಣ್ಣೆ, ಶೀತವಾದರೆ ಕುಡಿಯುವ ಕಷಾಯ ಮತ್ತು ಅದಕ್ಕೆ ಹಾಕುವ ಸಾಮಾನು. ಅಮ್ಮ ಮಂಚದ ಕಾಲ ಬಳಿ ಕುಳಿತು, ಬಿಟ್ಟುಹೋದದ್ದನ್ನು ನೆನಪಿಸುತ್ತಿದ್ದಳು.

‘ಮತ್ತೆ, ಸಿಕ್ಕಿದ ದಿನ ತಿಮರೆ ಚಟ್ನಿ’ ಎಂದರು ಮಾವ. ‘ಗದ್ದೆಯ ಬದಿಯಲ್ಲಿ ಆಗ್ತದಲ್ಲ, ಒಂದೆಲಗ. ಅದು.’

ಹುಡುಗಿ ನಕ್ಕಳು. ‘ಚಟ್ನಿ ಎಲ್ಲ ಹೇಳುವುದು ಬೇಡ ಅಜ್ಜ.’

‘ಬೇಕಾ ಬೇಡವಾ ಅದು ನೀನು ನೋಡು ಮಗಾ. ಹೇಳುವುದು ನನ್ನ ಕೆಲಸ, ಹೇಳ್ತೇನೆ.’

ಅವಳು ನಗು ನಿಲ್ಲಿಸಿ ನನ್ನ ಕಡೆ ನೋಡಿದಳು. ಅವಳು ಬಗ್ಗಿ ಚಟ್ನಿಯನ್ನೂ ಬರೆದುಕೊಂಡಳು.